ಅಡುಗೆಮನೆಗೆ ಹೋದ ಹಾಳೆ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ದಿಕ್ಕಿಲ್ಲದ ಮುದುಕರಿಗೆ, ಕಾಯಿಲೆಯವರಿಗೆ ಅದೇ ಮನೆ. ಅಲ್ಲಿನ ಕಂಪ್ಯೂಟರಿನ ಕೆಲಸವನ್ನು ಮರುಳಯ್ಯ ಗುರುಗಳು ಶಿಷ್ಯ ಶರಭನಿಗೆ ಒಪ್ಪಿಸಿದ್ದರು.

ಒಂದು ಬೆಳಿಗ್ಗೆ ಅಡುಗೆಯ ಈರಣ್ಣ ಬಂದು, ಯಾರಿಗೆ ಎಂಥ ಊಟ ಬಡಿಸಬೇಕೆಂದು ಕೇಳಿದ.

ಹೆಸರುಗಳು ಒಂದು ಕೋಷ್ಟಕದಲ್ಲಿದ್ದವು, ಪಥ್ಯ, ಕಾಯಿಲೆಗಳ ವಿವರ ವೈದ್ಯರ ಕೋಷ್ಟಕದಲ್ಲಿತ್ತು. ಎರಡರಲ್ಲೂ ಇದ್ದ ನೋಂದಣಿ ಸಂಖ್ಯೆ ಹಿಡಿದು ಶರಭ ಅವನ್ನು ಜೋಡಿಸಿದ. ಬೇಕಾದ ಕಾಲಂಗಳನ್ನು ಹೆಸರಿಸಿ ಕೇಳಲು ಅವನಿಗೆ ಬೇಸರ. ಎಲ್ಲವೂ ಬರಲಿ ಎಂದು ನಕ್ಷತ್ರದ ಗುರುತು ಒತ್ತಿದ. ಬಂದದ್ದನ್ನು ಓದಿಯೂ ನೋಡದೆ ಹಾಳೆಯ ಮೇಲೆ ಮುದ್ರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ.

ಮಧ್ಯಾಹ್ನ ಪಂಕ್ತಿಯಲ್ಲಿ ಬಾಳವ್ವನ ಎಡಬಲ ಯಾರೂ ಕೂರಲಿಲ್ಲ. ದಿನವೂ ಆಕೆಯ ಮಾತು ಕೇಳಲೆಂದೇ ಹೆಂಗಸರು ಅಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಮುದುಕಿ ಆಚೀಚೆ ನೋಡಿದಳು. ಎಲೆ ಎತ್ತಿಕೊಂಡು ದನದ ಕೊಟ್ಟಿಗೆಯ ಕಡೆ ಹೋದಳು.

ಏನಾಯಿತೆಂದು ಶರಭ ಕೇಳಿದ. ಈರಣ್ಣ ಬಾಗಿಲಿನ ಹಾಳೆ ತೋರಿಸಿದ. ಬಾಳವ್ವನ ಹೆಸರಿನ ಮುಂದೆ ಸಪ್ಪೆ ಊಟ ಎಂದಿತ್ತು. ಅದರ ಪಕ್ಕದಲ್ಲೇ, ಪ್ರಾಯದಲ್ಲಿ ಬಂದು ಎಂದೋ ವಾಸಿಯಾಗಿದ್ದ ಕುಷ್ಠದ ವಿವರವೂ ಇತ್ತು.

 ಶರಭ ಹಾಳೆ ಕಿತ್ತುಕೊಂಡು ಗುರುಗಳ ಬಳಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ.

“ಅದರಲ್ಲಿ ಸುಳ್ಳೇನೂ ಇಲ್ಲ, ಅಪ್ಪಾರೆ,” ಎಂದ ಕೊನೆಗೆ.

“ಈರಣ್ಣ ಏನು ಕೇಳಿದ್ದ?”

“ಯಾರಿಗೆ ಎಂಥ ಊಟ ಅಂತ.”

“ನೀನು ಅವನಿಗೆ ಏನು ಕೊಟ್ಟೆ?”

ಶರಭ ಕೈಯಲ್ಲಿದ್ದ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದ. ಆಮೇಲೆ ಹೋಗಿ ಎರಡು ಕೋಷ್ಟಕಗಳನ್ನು ಮತ್ತೆ ಜೋಡಿಸಿದ. ಈ ಸಲ ಹೆಸರು ಮತ್ತು ಊಟ, ಇವೆರಡನ್ನೇ ಹೆಸರಿಸಿ ಕೇಳಿದ. ಹೊಸ ಹಾಳೆಯಲ್ಲಿ ಅವೆರಡೇ ಬಂದವು. ಅದನ್ನು ಈರಣ್ಣನ ಕೈಗೆ ಕೊಟ್ಟು ಹಿಂದಿರುಗಿದ.

ಆದರೂ ಸಮಾಧಾನವಾಗಲಿಲ್ಲ. ಹಳೆಯ ಹಾಳೆ ಇನ್ನೂ ಮುಷ್ಟಿಯಲ್ಲಿತ್ತು.

“ಇದನ್ನು ಸುಟ್ಟುಬಿಡಲೇ, ಅಪ್ಪಾರೆ?”

“ಸುಡು,” ಎಂದು ಗುರುಗಳು ಎದ್ದರು. ಅವರ ಕೈಯಲ್ಲೊಂದು ಊಟದ ಎಲೆ ಇತ್ತು. “ಸುಟ್ಟು ಕೊಟ್ಟಿಗೆಗೆ ಬಾ. ಬಾಳವ್ವನ ಎಡಕ್ಕೆ ನಾನು ಕೂರುತ್ತೇನೆ. ಬಲಕ್ಕೆ ಜಾಗ ಖಾಲಿ ಇದೆ.”