ಪದಕದ ಪೆಟ್ಟಿಗೆಯ ಕಾವಲು

ಹೊಳೆ ದಂಡೆಯ ಆ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಕುಸ್ತಿ ಗೆದ್ದವನು ಪದಕವನ್ನು ಮನೆಗೆ ಒಯ್ಯುವಂತಿಲ್ಲ. ಗುರುಗಳಾದ ಉಸ್ತಾದರ ಪೆಟ್ಟಿಗೆಗೆ ಹಾಕಬೇಕು. ಗರಡಿ ಬಿಡುವ ದಿನ ಕೇಳಿ ಪಡೆಯಬೇಕು.

ಪೆಟ್ಟಿಗೆ ಕಾಯುವ ಕೆಲಸ ಶಿಷ್ಯ ಮರಿಗೌಡನದು.

ಪರಸಯ್ಯ ಬಂದು ಸೇರಿದ ಮೇಲೆ ಮರಿಗೌಡನ ನೆಮ್ಮದಿ ಹೋಯಿತು. ಎಲ್ಲಿಯವನೋ, ಯಾರ ಮಗನೋ. ಮಾತು ಬೇರೆ ಕಡಿಮೆ. ಪೆಟ್ಟಿಗೆಯ ಕಡೆ ನೋಡಿದರೆ, ಯಾಕೆ ನೋಡಿದ? ನೋಡದಿದ್ದರೆ, ಯಾಕೆ ನೋಡುತ್ತಿಲ್ಲ?

ಮರಿಗೌಡ ಪೆಟ್ಟಿಗೆಯನ್ನು ಕತ್ತಲೆ ಕೋಣೆಯಿಂದ ತಂದು ಕಿಟಕಿಯಲ್ಲಿಟ್ಟ. ತಾಲೀಮಿನ ಹೊತ್ತಿಗೆ ಮುಚ್ಚಳ ತೆಗೆದಿಡುತ್ತಿದ್ದ, ಅಖಾಡದಿಂದಲೇ ಕಾಣಲಿ ಎಂದು. ನಡುನಡುವೆ ಎದ್ದು ಬಂದು ಒಂದೊಂದನ್ನೂ ಮುಟ್ಟಿ ನೋಡಿ ಹೋಗುತ್ತಿದ್ದ.

ಬೇಸಿಗೆ ಕಳೆಯುವಷ್ಟರಲ್ಲಿ ಬೆಳ್ಳಿ ಕಪ್ಪಾಯಿತು. ಕೆಂಪು ರಿಬ್ಬನ್ನುಗಳು ಬಿಳಿಚಿಕೊಂಡವು.

“ನೋಡಿದ್ರಾ ಉಸ್ತಾದರೇ! ಅಸಲಿ ಹೊಡೆದು ನಕಲಿ ಇಟ್ಟಿದ್ದಾನೆ ಆ ಪರಸಯ್ಯ.”

“ಕಣ್ಣಾರೆ ಕಂಡೆಯೇನೋ?”

“ಕಾಣೋ ಹಾಗೆ ಮಾಡ್ತಾನಾ? ಭಾರಿ ಘಾಟಿ ಅವನು. ಮುಖಕ್ಕೇ ಹೇಳಿಬಿಟ್ಟೆ. ತುಟಿ ಬಿಚ್ಚದೆ ಗಂಟು ಕಟ್ಟಿಕೊಂಡು ದೋಣಿಗೆ ಹೊರಟ. ತಪ್ಪಿಲ್ಲದಿದ್ದರೆ ಯಾಕೆ ಹೋಗಬೇಕು?”

“ಅವನ ಪದಕ ಕೊಟ್ಟೆಯಾ?”

“ಅವನು ಕೇಳಲೇ ಇಲ್ಲ. ಇಗೋ, ಇದೇ.”

ಉಸ್ತಾದರು ಆ ಪದಕವನ್ನು ಅಂಚಿನಲ್ಲಿ ಹಿಡಿದೆತ್ತಿ ರಿಬ್ಬನ್ನಿನ ಮಡಿಕೆ ಬಿಡಿಸಿದರು. ಒಳಗೆ ಕೆಂಪು ಹಾಗೇ ಇತ್ತು, ಕುಂಕುಮದ ಹಾಗೆ.

“ನಿನ್ನ ಕಳ್ಳ ಮಡಿಕೆಯೊಳಗೆ ಮಾತ್ರ ಬಣ್ಣ ಬಳಿದನೇ?”

ಮರಿಗೌಡ ಕಿಟಕಿಯ ಬಿಸಿಲು ನೋಡಿದ.

ಬೆಳ್ಳಿಯ ನಡುವೆ ಹೆಬ್ಬೆರಳಿನ ಗುರುತು ಕಪ್ಪಗೆ ಕೂತಿತ್ತು. ಅದಕ್ಕೆ ಅಡ್ಡಲಾಗಿ ಒಂದು ಗೀರು.

“ನಿನ್ನ ಹೆಬ್ಬೆಟ್ಟು ತೋರಿಸು.”

ಅವನ ಹೆಬ್ಬೆರಳಿನಲ್ಲಿ ಹಿಂದೆಂದೋ ಕುಡುಗೋಲು ತಾಕಿದ ಗಾಯದ ಕಲೆ ಅಡ್ಡಲಾಗಿತ್ತು. ಕೈಯಲ್ಲಿ ಇನ್ನೂ ಎಣ್ಣೆ, ಬೆವರು.

ಮರಿಗೌಡ ಕೈಯನ್ನು ಚಡ್ಡಿಗೆ ಒರೆಸಿಕೊಂಡ. ಆಮೇಲೆ ಕೇಳಿದ, “ಹೇಗಿಡಬೇಕಿತ್ತು?”

“ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ ಒಂದೊಂದನ್ನೂ ಬೇರೆ ಬೇರೆ ಸುತ್ತು. ರಿಬ್ಬನ್ ಮಡಿಸಬೇಡ, ನೀಟಾಗಿ ಮಲಗಿಸು. ತೇವವಿಲ್ಲದ ಕಡೆ, ಕತ್ತಲಲ್ಲಿ ಇಡು. ಆಮೇಲೆ ಅದರ ಪಾಡಿಗೆ ಬಿಟ್ಟುಬಿಡು.”

“ಈಗಲೇ ಮಾಡ್ತೀನಿ ಉಸ್ತಾದರೇ. ಎಲ್ಲ ಒರೆಸಿಬಿಡ್ತೀನಿ.” ಅವನು ಅವಸರದಿಂದ ಪೆಟ್ಟಿಗೆಗೆ ಕೈ ಹಾಕಿದ.

ಉಸ್ತಾದರು ಮುಚ್ಚಳ ಹಾಕಿದರು.

“ಪದಕ ಎಲ್ಲೂ ಹೋಗಲ್ಲ ಕಣೋ. ದೋಣಿ ಹೋಗುತ್ತೆ.”