ಸೊಟ್ಟ ಕಿರುಬೆರಳು

ಬಸದಿಯೊಂದರಲ್ಲಿ ಶಿಥಿಲವಾದ ಓಲೆಗ್ರಂಥವನ್ನು ಪ್ರತಿ ಮಾಡುತ್ತಿದ್ದರು. ಕಬ್ಬಿಣದ ಕಂಟ ಹೊಸ ಓಲೆಯ ಮೇಲೆ ಅಕ್ಷರ ಕೊರೆಯುತ್ತಿತ್ತು. ಹಳೆಯ ಓಲೆಯ ಚಿತ್ರದಲ್ಲಿದ್ದ ಯಕ್ಷಿ ಅದನ್ನು ನೋಡಿ, “ಒಂದೇ ಪದವನ್ನು ಎರಡು ಸಲ ಕೊರೆದೆಯಲ್ಲ?” ಎಂದಳು.

“ಮೂಲದಲ್ಲಿ ಹಾಗೇ ಇದೆ ತಾಯಿ. ಹಿರಿಯರ ತಪ್ಪು ತಿದ್ದಲು ನಾನು ಯಾರು? ಕಂಡಂತೆ ಕೊರೆಯುವುದು ನನ್ನ ಧರ್ಮ,” ಎಂದಿತು ಕಂಟ.

“ಕೊನೆಯಲ್ಲಿ ಯಾರ ಯಾರ ಹೆಸರು ಬರುತ್ತದೆ?”

“ಬರೆಸಿದ ಹೊನ್ನಬ್ಬೆಯದು, ಬರೆದ ಪದ್ಮಣ್ಣನದು, ಅವರ ಗುರುಗಳದು.”

“ನನ್ನ ಚಿತ್ರ ಬಿಡಿಸಿದವನದು?”

“ಅದು ಮೂಲದಲ್ಲಿ ಇಲ್ಲ. ಇಲ್ಲದ್ದನ್ನು ಹೇಗೆ ಕೊರೆಯಲಿ?”

“ಇದೆ,” ಎಂದು ಯಕ್ಷಿ ಕೈ ಚಾಚಿದಳು. “ನನ್ನ ಕಿರುಬೆರಳು ನೋಡು, ಸೊಟ್ಟಗಿದೆ. ಅವನ ಬೆರಳೂ ಹೀಗೇ ಇತ್ತು. ಅವನು ಬಿಡಿಸಿದ ಮುನಿ, ರಾಣಿ, ಸೇವಕಿ, ಎಲ್ಲರಿಗೂ ಇದೇ ಬೆರಳು. ಅವನು ಉಳಿದಿರುವುದು ಇಷ್ಟರಲ್ಲೇ.”

ಕಬ್ಬಿಣವಾದರೂ ಕಂಟದ ಕರುಳು ಚುರ್ ಎಂದಿತು. “ಚಿತ್ರ ನನ್ನ ಕೆಲಸವಲ್ಲ ತಾಯಿ. ಆದರೂ ಕುಂಚಕ್ಕೆ ಹೇಳಿ ನೋಡುತ್ತೇನೆ,” ಎಂದಿತು. ಹೇಳಿದಂತೆಯೇ ಕುಂಚವನ್ನು ಕರೆದು ಆ ಬೆರಳನ್ನು ತೋರಿಸಿತು.

ಕುಂಚ ಬಗ್ಗಿ ನೋಡಿತು. “ನೀನು ಹೇಳಿದ್ದು ಒಳ್ಳೆಯದಾಯಿತು. ಈ ತಪ್ಪು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ,” ಎಂದು ಹೊಸ ಓಲೆಯ ಯಕ್ಷಿಗೆ ಕಿರುಬೆರಳನ್ನು ನೆಟ್ಟಗೆ ಬಿಡಿಸಿತು. ಆಮೇಲೆ ಮುನಿಗೂ, ರಾಣಿಗೂ, ಸೇವಕಿಗೂ ಹಾಗೆಯೇ ಮಾಡಿತು.

ಪ್ರತಿ ಮುಗಿದ ಮೇಲೆ, ಪದ್ಧತಿಯಂತೆ ಹಳೆಯ ಓಲೆಗಳನ್ನು ಹೊಳೆಗೆ ಬಿಟ್ಟರು. ಎರಡು ಸಲ ಬಂದಿದ್ದ ಆ ಪದ ಹೊಸ ಗ್ರಂಥದಲ್ಲೂ ಎರಡು ಸಲ ಇದೆ.