ಗುಂಡಾಚಾರ್ ಲಾಗಿನ್ ಆದರು

ಗುಂಡಾಚಾರ್ ತೀರಿಕೊಂಡ ಒಂಬತ್ತನೇ ದಿನ ಅವರ ಹೆಸರಲ್ಲೇ ಯಾರೋ ಆಫೀಸಿನ ಸರ್ವರ್‌ಗೆ ಲಾಗಿನ್ ಆದರು. ಯಾರಿರಬಹುದು, ಹೇಳಿ ನೋಡೋಣ?

ಅದು ಸಿಬ್ಬಂದಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ದೂರದಿಂದಲೇ ಬಾಗಿಲು ತೆರೆಯುವ ಸರ್ವರ್. ವೈಕುಂಠ ಸಮಾರಾಧನೆ ಮುಗಿಯುವ ತನಕ ಸತ್ತವರ ಹೆಸರು ತೆಗೆಯಬಾರದೆಂಬುದು ಅಲ್ಲಿಯ ರೂಢಿ. ಕಡತಗಳ ಮೇಲೆ ಸತ್ತವರ ಒಪ್ಪಿಗೆ ಬೀಳುವುದನ್ನು ಕಂಡು ಎಲ್ಲರೂ ಕುರ್ಚಿ ಬಿಟ್ಟು ಎದ್ದರು.

“ಸರ್ವರ್ ಕಟ್ಟಿದವಳು ನೀನೇ ತಾನೆ? ಸಂಜೆಯೊಳಗೆ ದೆವ್ವ ಹಿಡಿ, ಇಲ್ಲವೇ ಕೆಲಸ ಬಿಡು!” ಎಂದು ಮ್ಯಾನೇಜರ್ ವೀರಭದ್ರಯ್ಯ ಗುಮಾಸ್ತೆಯ ಮೇಲೆ ಗುಡುಗಿದರು.

“ಆಗಲಿ ಸಾರ್” ಎಂದವಳು, ಗುಂಡಾಚಾರ್ ಹೆಸರಲ್ಲಿ ಒಳಬಂದವರಿಗಷ್ಟೇ ಕಾಣುವಂತೆ ಒಂದು ಸಾಲು ಬರೆದಿಟ್ಟಳು: “ನನ್ನ ಹೆಸರಲ್ಲಿ ಬಂದೆಯಾ? ತಿರುಗಿ ನೋಡು, ಹಿಂದೆಯೇ ನಿಂತಿದ್ದೇನೆ.”

ಮೂರು ಗಂಟೆಗೆ ಮ್ಯಾನೇಜರ್ ಕೋಣೆಯಿಂದಲೇ ಚೀರಾಟ ಕೇಳಿತು: “ಆಚಾರ್ರೇ, ನನ್ನ ತಪ್ಪನ್ನೆಲ್ಲ ಇನ್ನು ನಿಮ್ಮ ತಲೆಗೆ ಕಟ್ಟೋಲ್ಲ, ಬಿಟ್ಟುಬಿಡಿ!”

ಗುಮಾಸ್ತೆ ಬಾಗಿಲಲ್ಲಿ ನಿಂತು, “ದೆವ್ವ ಸಿಕ್ಕಿತು ಸಾರ್” ಎಂದಳು.

ಇದೆಲ್ಲ ನಡೆದದ್ದು ೨೦೧೪ರ ಜುಲೈ ೨೬, ಶನಿವಾರ, ಅಮಾವಾಸ್ಯೆಯ ದಿನ.